ಎಬ್ಬೆಟ್ಟಿನ ಜೊತೆ ಕಾಲೂ ಬರಲಿ

ಬೆಳಿಗ್ಗೆ ಐದೂವರೆ. ಹಂಪಾಪುರ ಹೋಬಳಿಯ ಈ ಊರಿನ ನೀರಿನ ಟ್ಯಾಂಕ್ ಕೆಳಗೆ ಮಂಟಯ್ಯ ಕುಕ್ಕರಗಾಲಲ್ಲಿ ಕೂತು ವಾಲ್ವ್ ತಿರುಗಿಸುತ್ತಿದ್ದಾರೆ. ನಲ್ಲಿಗಳ ಮುಂದೆ ಕೊಡಗಳು ಆಗಲೇ ಸಾಲು ನಿಂತಿವೆ. ನೀರು ಬಿಟ್ಟವರೇ ಸೈಕಲ್ ಹತ್ತಿ ಬೀದಿ ಬೀದಿಯಲ್ಲಿ ಕೂಗುತ್ತಾರೆ: "ಅನ್ನೊಂದು ಗಂಟ್ಗೆ ಗ್ರಾಮಸಭೆ ಕಣ್ರವ್ವಾ! ಹ್ಯಾಂಡ್‌ಪೋಸ್ಟ್ ಪ್ಯಾಟೆಗೆ ನಾಳೀಕ್ ಓಗೀರಂತೆ, ಇವತ್ತು ಬನ್ನಿ!"

ಐವತ್ತೆರಡರ ಮಂಟಯ್ಯ ಪಂಚಾಯಿತಿಯ ನೀರುಗಂಟಿ. ಓದಿದ್ದು ಏಳನೇ ಕ್ಲಾಸು. ಮೂರು ವಾಲ್ವು, ಇನ್ನೂರ ಹತ್ತು ನಲ್ಲಿ, ಹತ್ತೊಂಬತ್ತು ವರ್ಷದ ಚಾಕರಿ. ಮೋಟಾರು ಸುಟ್ಟರೆ ಬೈಗುಳ ಇವರಿಗೆ, ರಿಪೇರಿಯಾದರೆ ಹಾರ ಮೆಂಬರಿಗೆ. ಸಭೆಗೆ ಜನ ಕರೆಯುವುದೂ ಇವರ ಕೆಲಸವೇ. ಆದರೆ ಹೀಗೆ ಗಂಟಲು ಹರಿದುಕೊಳ್ಳಿ ಎಂದು ಯಾರೂ ಹೇಳಿಲ್ಲ. ಅದಕ್ಕೆ ಕಾರಣ ಮೇಲಿನ ಬೀದಿಯ ಕುಳ್ಳಮ್ಮ.

ನಾಲ್ಕು ವರ್ಷದ ಹಿಂದಿನ ಮಾತು. ಸಭೆಗೆ ನೂರು ಜನ ಬೇಕಿತ್ತು, ಬಂದವರು ಹದಿನೇಳು. ಸಭೆಯ ಪುಸ್ತಕ ಮಂಟಯ್ಯನವರ ಕೈಗೆ ಬಂತು; ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದರು. ಮೇಲಿನ ಬೀದಿಗೆ ಪೈಪು ಹಾಕುವುದನ್ನು ಅದೇ ಸಭೆ ಕೈಬಿಟ್ಟಿತ್ತು. ಎಪ್ಪತ್ತು ದಾಟಿದ ಕುಳ್ಳಮ್ಮ ಕೇಳಲು ಹೋದಾಗ ಕಚೇರಿಯಲ್ಲಿ ಅವರದೇ ಹೆಬ್ಬೆಟ್ಟು ತೋರಿಸಿದರು: ನೀನೂ ಒಪ್ಪಿದ್ದೀಯಲ್ಲ!

"'ಬರೀ ಆಜರಿ ಕಣವ್ವ, ಒತ್ತು' ಅಂದೋನು ನಾನೇಯಾ," ಎನ್ನುತ್ತಾರೆ ಮಂಟಯ್ಯ. "ನೀರು ಬುಡೋನೇ ಆವಮ್ಮನ್ ನೀರು ಕಿತ್ಕಂಡೆ. ಇವತ್ತಿಗೂವೆ ಕೆಳಗಿನ್ ಬೀದಿಯಿಂದ ಕೊಡ ಒತ್ಕಂಡು ಓಯ್ತದೆ. ಎದ್ರುಗೆ ಬಂದ್ರೆ ನಾನು ತಲೆ ಎತ್ತಕಿಲ್ಲ."

ಅಂದಿನಿಂದ ಪುಸ್ತಕ ಹಿಡಿದು ಮನೆಮನೆ ತಿರುಗಲು ಅವರು ಒಪ್ಪಿಲ್ಲ. "ಎಬ್ಬೆಟ್ಟು ಬೇಕಾದ್ರೆ ಜೊತೇಲಿ ಕಾಲೂ ಬರ್ಲಿ" ಎಂದಿದ್ದಕ್ಕೆ ಕೆಲಸ ಬಿಡಿಸುವ ಬೆದರಿಕೆಯೂ ಬಂದಿದೆ. ಪ್ರಜೆಯ ಕರ್ತವ್ಯದ ಬಗ್ಗೆ ನಾನು ಭಾಷಣ ಕೇಳಿದ್ದೇನೆ, ನಾಚಿಕೆಯಿಲ್ಲದೆ ಮಾಡಿಯೂ ಇದ್ದೇನೆ. ಇಷ್ಟು ಚುಟುಕಾಗಿ ಹೇಳಿದವರನ್ನು ಕಂಡಿರಲಿಲ್ಲ.

ಹನ್ನೊಂದೂವರೆ. ಶಾಲೆಯ ಜಗಲಿಯಲ್ಲಿ ತೊಂಬತ್ತಾರು ಜನ. ಇನ್ನೂ ನಾಲ್ವರು ಬರದಿದ್ದರೆ ಪೈಪಿನ ಮಾತು ಮತ್ತೆ ಮುಂದಕ್ಕೆ. ಮಂಟಯ್ಯ ಗೇಟಿನಿಂದ ಕದಲುವುದಿಲ್ಲ. ಕೊನೆಗೆ ಮೇಲಿನ ಬೀದಿಯ ಮೂವರು ಹೆಂಗಸರ ಜೊತೆ ಕುಳ್ಳಮ್ಮ ನಿಧಾನ ನಡೆದು ಬರುತ್ತಾರೆ. ಸಭೆ ಶುರುವಾಗುತ್ತದೆ.

ನಿರ್ಣಯ ಬರೆದಾದ ಮೇಲೆ ಪುಸ್ತಕ ಕುಳ್ಳಮ್ಮನ ಮುಂದೆ ಬರುತ್ತದೆ. ಅವರು ಕೈ ಚಾಚುವುದಿಲ್ಲ. "ಮೊದ್ಲು ನೀ ಓದ್ಲಾ ಮಂಟ. ಏನೈತೆ ಅಂತ ಕೇಳುಸ್ಕಂಡು ಆಮ್ಯಾಕೆ ಒತ್ತೀನಿ."

ಮಂಟಯ್ಯ ಬೆರಳಿಟ್ಟು ತಡವರಿಸುತ್ತ ಓದುತ್ತಾರೆ: ಮೇಲಿನ ಬೀದಿಗೆ ಪೈಪು, ಈ ವರ್ಷದ ಮೊದಲ ಕೆಲಸ. ಕುಳ್ಳಮ್ಮ ಇನ್ನೊಂದು ಸಲ ಓದಿಸುತ್ತಾರೆ. ಆಮೇಲೆ ಹೆಬ್ಬೆಟ್ಟು ಒತ್ತುತ್ತಾರೆ.

ನಿಮ್ಮ ಆಸೆಯೇನು ಎಂದು ಹೊರಡುವಾಗ ಕೇಳುತ್ತೇನೆ. ಮಂಟಯ್ಯ ಸೈಕಲ್ ತಳ್ಳುತ್ತಲೇ ಹೇಳುತ್ತಾರೆ: "ಆ ಬೀದಿಗೆ ನಾಕನೇ ವಾಲ್ವು ಕೂರ್ಲಿ ಸಾ. ಮೊದಲ್ನೇ ದಿನ ನಾನೇ ತಿರುಗುಸ್ತೀನಿ. ಅವತ್ತು ಆವಮ್ಮನ್ ಮಕ ನೋಡ್ತೀನಿ."