ಬದುಕಿದ್ದವನಿಗೆ ಇಟ್ಟ ಎಡೆ

ಸಿದ್ದರಾಜು ಸತ್ತಿರಲಿಲ್ಲ. ನಮ್ಮ ಬೀದಿಯ ಗಂಡಸರಿಗೆ ಎರಡು ಬಸ್ಸು ಹತ್ತಿ ಹಿನಕಲ್‌ಗೆ ಹೋಗಿ ಬರಲು ಮನಸ್ಸಾಗಲಿಲ್ಲ, ನಡೆದದ್ದು ಇಷ್ಟೇ. ಮಿಕ್ಕದ್ದೆಲ್ಲ ಆಮೇಲೆ ಸೇರಿಸಿಕೊಂಡ ಮಾತು. ವಿಧಿಯಂತೆ, ಗ್ರಹಚಾರವಂತೆ, ಯಾರದೋ ಕಣ್ಣು ತಾಕಿತ್ತಂತೆ. ನಾನು ಅಲ್ಲೇ ಇದ್ದವಳು, ಅವನ ಎಡೆಗೆ ಅನ್ನ ಬಸಿದವಳೂ ನಾನೇ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಮನೆ ಇರುವುದು ಅಶೋಕಪುರಂನಲ್ಲಿ. ಮನೆಯ ಮುಂದೆ ಒಂದು ಜಗಲಿ. ನಾಲ್ಕು ಜನ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರಬಹುದು, ಇನ್ನೊಬ್ಬ ಬಂದರೆ ಅವನಿಗೆ ಮೆಟ್ಟಿಲೇ ಗತಿ. ನನ್ನ ಯಜಮಾನರು ನಮ್ಮ ಬೀದಿಯ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದರು. ಆಟ ಮುಗಿಸಿ ಬಂದವರೆಲ್ಲ ಈ ಜಗಲಿಯ ಮೇಲೆ ಬೂಟು ಬಿಚ್ಚಿ, ಮಣ್ಣು ಕೊಡವಿ, ಟೀ ಕುಡಿದು ಹೋಗುತ್ತಿದ್ದರು. ಯಜಮಾನರು ತೀರಿಕೊಂಡ ಮೇಲೂ ಬರುವವರು ಬರುತ್ತಲೇ ಇದ್ದಾರೆ. ಮೊದಲು ಬೆವರಿನ ವಾಸನೆ ಬರುತ್ತಿತ್ತು, ಈಗ ಮಂಡಿನೋವಿನ ಎಣ್ಣೆಯ ವಾಸನೆ. ಇವರಲ್ಲಿ ಬಾಯಿ ಜೋರಿರುವವರು ಇಬ್ಬರು. ಒಬ್ಬ ಬಸವಣ್ಣ, ಸಿಟಿ ಬಸ್ಸು ಓಡಿಸಿ ರಿಟೈರಾದವನು, ಆ ಕಾಲಕ್ಕೆ ಯಜಮಾನರ ಮುಂದೆ ಗೋಡೆಯ ಹಾಗೆ ನಿಂತು ಆಡಿದವನು. ಇನ್ನೊಬ್ಬ ಪೇಂಟರ್ ನಂಜುಂಡ, ಒಂದು ದಿನವೂ ಚೆಂಡು ಒದ್ದವನಲ್ಲ, ಗೆರೆಯಾಚೆ ನಿಂತು ಕೂಗಿ ಕೂಗಿಯೇ ಗಂಟಲು ಹಾಳು ಮಾಡಿಕೊಂಡವನು.

ನೀವೂ ನೋಡಿರಬಹುದು, ಆಟದ ಹುಚ್ಚಿರುವವರು ತಂಡದಲ್ಲಿ ಇರುವವರನ್ನು ಬೈಯುತ್ತಾರೆ, ಬಿಟ್ಟು ಹೋದವರನ್ನು ಹೊಗಳುತ್ತಾರೆ. ಪ್ರತಿ ಭಾನುವಾರ ಸಂಜೆ ನನ್ನ ಜಗಲಿಯ ಮೇಲೆ ಇದೇ ಸಂತೆ. ಕೆಲಸದ ಆಸೆ ತೋರಿಸಿ ಯಾವುದೋ ಇಲಾಖೆಯ ತಂಡದವರು ಎಳೆದುಕೊಂಡು ಹೋದ ರಂಗ, ಮಾವನ ಮಾತಿಗೆ ಕಟ್ಟುಬಿದ್ದು ಬೂಟನ್ನು ಅಟ್ಟಕ್ಕೆ ಹಾಕಿದ ಪುಟ್ಟಸ್ವಾಮಿ, ಇವರೆಲ್ಲರ ಕಥೆ ಮುಗಿದ ಮೇಲೆ, ಊಟದ ಕೊನೆಗೆ ಮಜ್ಜಿಗೆ ಬಂದ ಹಾಗೆ, ಸಿದ್ದರಾಜುವಿನ ಎಡಗಾಲಿನ ಮಾತು ಬಂದೇ ಬರುತ್ತಿತ್ತು. ಆ ಎಡಗಾಲು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಾ ಹೋಯಿತು. ಮೊದಲು ಇಬ್ಬರನ್ನು ದಾಟಿಕೊಂಡು ಹೋಗಿ ಹೊಡೆದ ಗೋಲು ಆಮೇಲೆ ಮೂವರನ್ನು ದಾಟಿತು, ಈಚೀಚೆಗೆ ಎದುರು ತಂಡದ ಅರ್ಧ ಜನವನ್ನೇ ದಾಟುತ್ತಿತ್ತು. ನಾನೂ ಆ ಆಟ ನೋಡಿದವಳು. ಅವನು ಒದ್ದ ಒಂದು ಪೆನಾಲ್ಟಿ ಹುಣಸೆ ಮರಕ್ಕೆ ತಗುಲಿ, ಕಡಲೆಪುರಿ ಮಾರುವವಳ ಕುಕ್ಕೆಗೆ ಬಿದ್ದು, ಪುರಿಯೆಲ್ಲ ಮಣ್ಣುಪಾಲಾದದ್ದು ನನಗೆ ಚೆನ್ನಾಗಿ ನೆನಪಿದೆ. ಜಗಲಿಯ ಮೇಲಿನ ಕಥೆಯಲ್ಲಿ ಆ ಚೆಂಡು ಹೊರಗೆ ಹೋಗುವುದೇ ಇಲ್ಲ. ಕೈತಪ್ಪಿ ಹೋದ ಆಟಗಾರನಷ್ಟು ಚೆನ್ನಾಗಿ ಆಡುವವನು ಎಲ್ಲಿಯೂ ಸಿಗುವುದಿಲ್ಲ. ಅವನು ಮೈದಾನಕ್ಕೆ ಬರುವುದೇ ಇಲ್ಲವಲ್ಲ.

ಅವನು ಹೋದದ್ದು ಹೀಗೆ. ಒಂದು ಕಾರ್ಖಾನೆಯವರು ಕೆಲಸ ಕೊಟ್ಟು ತಮ್ಮ ತಂಡಕ್ಕೆ ಕರೆದುಕೊಂಡರು. ಹೋದ. ಹಿನಕಲ್‌ನಲ್ಲಿ ಮನೆ ಮಾಡಿದ. ಮುಂದಿನ ವರ್ಷ ನಮ್ಮ ತಂಡಕ್ಕೇ ಎದುರಾಗಿ ಆಡಿ, ನನ್ನ ಯಜಮಾನರ ಕೈಗೆ ಸಿಗದ ಹಾಗೆ ಗೋಲು ಹೊಡೆದ. ಯಜಮಾನರು ನಕ್ಕು ಅವನ ಬೆನ್ನು ತಟ್ಟಿ ಬಂದರು. ಬೀದಿಯವರು ನಗಲಿಲ್ಲ. ಅವನ ಮದುವೆಗೆ ಒಬ್ಬರೂ ಹೋಗಕೂಡದು ಎಂದು ಇದೇ ಜಗಲಿಯ ಮೇಲೆ ತೀರ್ಮಾನವಾಯಿತು, ಯಾರೂ ಹೋಗಲಿಲ್ಲ. ಮುಂದೆ ಅವನ ಮಂಡಿ ಹೋಯಿತು, ಕಾರ್ಖಾನೆಯ ತಂಡವೂ ಹೋಯಿತು; ನಮ್ಮವರ ಸಿಟ್ಟು ಮಾತ್ರ ಹೋಗಲಿಲ್ಲ.

ಆ ಸಿಟ್ಟು ಹೋದದ್ದು ಯಾವಾಗ ಎಂದರೆ, ಈ ವರ್ಷ ಬೇಸಿಗೆಯಲ್ಲಿ ನಂಜುಂಡ ಹಿನಕಲ್ ಕಡೆ ಬಣ್ಣದ ಕೆಲಸಕ್ಕೆಂದು ಸ್ಕೂಟರಿನಲ್ಲಿ ಹೋಗಿ, ಸಂಜೆ ಮುಖ ಸಣ್ಣ ಮಾಡಿಕೊಂಡು ಬಂದಾಗ. "ಸಿದ್ದ ಓಗ್ಬುಟ್ಟ ಕಣಣ್ಣ," ಅಂದ. ಮನೆಯ ಮುಂದೆ ಶಾಮಿಯಾನ, ತಮಟೆ, ಚಟ್ಟ ಕಟ್ಟುತ್ತಿರುವ ಜನ, ಎಲ್ಲ ಕಣ್ಣಾರೆ ನೋಡಿದನಂತೆ. ಮೊಬೈಲಿನ ಗುಂಪಿಗೆ ಸಿದ್ದರಾಜುವಿನ ಹಳೆಯ ಫೋಟೊ ಹಾಕಿದ. ನೂರಾರು ಕೈ ಮುಗಿದವು. ಅಳುವವರು ನಿಜವಾಗಿಯೂ ಅತ್ತರು, ಬಸವಣ್ಣನಂತೂ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಕೂತುಬಿಟ್ಟ. ಸಿದ್ದರಾಜು ಮಾಡಿದ ದ್ರೋಹವೆಲ್ಲ ಒಂದೇ ಸಂಜೆಗೆ ತೊಳೆದು ಹೋಯಿತು. ತಿಥಿ ಯಾವತ್ತು ಎಂದು ಕೇಳಿದೆ. "ಯಾವ ಮುಖ ಇಟ್ಕಂಡು ಓಗೋದು ಬುಡಕ್ಕ," ಅಂದ ಬಸವಣ್ಣ. ಅಲ್ಲಿಗೆ ಆ ಮಾತು ನಿಂತಿತು.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನಿಷ್ಟವೋ ಅದನ್ನೆಲ್ಲ ಮಾಡಿ, ಎಲೆಯ ತುಂಬ ಬಡಿಸಿ, ಫೋಟೊದ ಮುಂದೆ ದೀಪ ಹಚ್ಚಿ, ಬಾಗಿಲು ಎಳೆದು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಆಗ ಅವರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ನಮ್ಮ ತಂಡಕ್ಕೂ ಒಂದು ಎಡೆ ಉಂಟು. ಅಮಾವಾಸ್ಯೆಯ ದಿನ ಅವರವರ ಮನೆಯಲ್ಲಿ ಎಡೆ ಇರುವುದರಿಂದ, ತಂಡದ್ದು ಹಿಂದಿನ ಸಂಜೆ, ನಮ್ಮ ಮನೆಯಲ್ಲಿ. ಚೆಂಡಿಗೆ ಅರಿಶಿನ ಕುಂಕುಮ, ಪಕ್ಕದಲ್ಲಿ ತೀರಿಕೊಂಡ ಆಟಗಾರರ ಫೋಟೊಗಳು, ಒಬ್ಬೊಬ್ಬರಿಗೂ ಒಂದೊಂದು ಎಲೆ. ನನ್ನ ಯಜಮಾನರಿಗೆ ಬೋಟಿ ಗೊಜ್ಜು. ಈ ವರ್ಷ ಹೊಸದಾಗಿ ಸಿದ್ದರಾಜುವಿನ ಫೋಟೊ, ಅದಕ್ಕೆ ಗಂಧದ ಹಾರ. ಅವನಿಗೆ ಆಟಕ್ಕೆ ಮುಂಚೆ ನಮ್ಮ ಮನೆಯಲ್ಲಿ ಬೇಯಿಸಿದ ಮೊಟ್ಟೆ ತಿನ್ನುವ ಅಭ್ಯಾಸವಿತ್ತು. ಎರಡು ಮೊಟ್ಟೆ ಸುಲಿದು, ಉಪ್ಪು ಮೆಣಸು ಉದುರಿಸಿ ಇಟ್ಟೆ.

ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ದೀಪ ಹಚ್ಚುವ ಹೊತ್ತು. ನಂಜುಂಡ ಮೆಲ್ಲಗೆ ಎಡಗಾಲಿನ ಕಥೆ ತೆಗೆದಿದ್ದ. ಬೀದಿಯ ತುದಿಯಿಂದ ಒಬ್ಬ ಕುಂಟುತ್ತಾ ಬಂದು ಜಗಲಿಯ ಮುಂದೆ ನಿಂತ.

"ಏನವ್ವ, ಎಲ್ರೂ ಈಚ್ಗೇ ಕೂತ್ಬುಟ್ಟಿದ್ದೀರಿ?" ಅಂದ.

ಸಿದ್ದರಾಜು. ನಾನು ಹೆತ್ತವರ ಹೆಣ ನೋಡಿದವಳು, ಗಂಡನ ಹೆಣಕ್ಕೆ ನೀರು ಹಾಕಿದವಳು, ಆಗ ಒಮ್ಮೆಯೂ ಹೀಗೆ ದಿಗಿಲು ಬಿದ್ದಿರಲಿಲ್ಲ. ಸತ್ತವನನ್ನು ನೋಡಿ ಅಳಬಹುದು, ಬದುಕಿರುವವನನ್ನು ನೋಡಿ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಂಜುಂಡನ ಕೈಯ ಬೀಡಿ ಪಂಚೆಯ ಮೇಲೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಬಸವಣ್ಣ ತುಟಿ ಅಲುಗಿಸದೆ ಅಂದ, "ಪಾದ ನೋಡ್ರೋ ಮೊದ್ಲು. ಮುಂದಕ್ಕವೋ ಇಂದಕ್ಕವೋ."

"ಯಾವ ಕಾಲ್ದು ನೋಡ್ಬೇಕು ಬಸಣ್ಣ, ಎಡಗಾಲ್ದಾ?" ಅಂದ ಸಿದ್ದರಾಜು. ಹಳೆಯ ಸಿಟ್ಟಿನಲ್ಲಿ ತನ್ನ ಕುಂಟುಗಾಲನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದನಂತೆ ಪಾಪ.

"ಎಲ್ಲೋ ಇದ್ದೆ ಇಷ್ಟ್ ದಿನ?" ಎಂದು ಕೇಳಿದೆ. ಬೇರೆ ಏನು ಕೇಳುವುದು.

"ಇನಕಲ್ಲಲ್ಲೇ. ನಾನ್ ಎಲ್ಗೋಗನವ್ವ."

ಯಾರಾದರೂ ಏನಾದರೂ ಹೇಳುವ ಮೊದಲೇ, ಹಳೆಯ ಸಲಿಗೆಯಲ್ಲಿ ಬಾಗಿಲು ತಳ್ಳಿ ಒಳಗೆ ಹೋದ. ಹಿಂದೆಯೇ ಹೋಗಿ ನೋಡಿದರೆ, ದೀಪದ ಬೆಳಕಿನಲ್ಲಿ ನಿಂತಿದ್ದಾನೆ. ಹಣೆಗೆ ಕುಂಕುಮ, ಕೊರಳಿಗೆ ಹಾರ ಹಾಕಿಸಿಕೊಂಡ ಅವನ ಮುಖ ಗೋಡೆಯಿಂದ ಅವನನ್ನೇ ನೋಡುತ್ತಿದೆ. ಎಲೆಯ ಕಡೆ ಬಗ್ಗಿ ನೋಡಿದ.

"ಎರಡೇನಾ ಮೊಟ್ಟೆ?" ಅಂದ. "ಬದ್ಕಿದ್ದಾಗ ಮೂರ್ ಕೊಡ್ತಿದ್ದೆ."

ನಾನು ಸೆರಗಿನ ತುದಿಯಿಂದ ಫೋಟೊದ ಕುಂಕುಮ ಒರೆಸಿದೆ, ಹಾರ ತೆಗೆದು ಮೂಲೆಗೆ ಎಸೆದೆ. ಕುಂಕುಮ ಪೂರಾ ಹೋಗಲಿಲ್ಲ, ಗಾಜಿನ ಮೇಲೆ ಕೆಂಪಗೆ ಹರಡಿಕೊಂಡಿತು.

ನಂಜುಂಡ ಬಾಗಿಲಲ್ಲೇ ನಿಂತು, "ನಾನು ಕಣ್ಣಾರೆ ನೋಡ್ದೆ ಕಣಣ್ಣ, ನಿಮ್ಮನೆ ಮುಂದೆ ಚಟ್ಟ ಕಟ್ತಿದ್ರು, ಸುಳ್ಳೇಳಿದ್ರೆ ನನ್ ನಾಲ್ಗೆ ಬಿದ್ದೋಗ್ಲಿ," ಅಂದ.

"ನೀನ್ ನೋಡಿದ್ದು ದಿಟನೇ. ಅದು ನನ್ನೆಂಡ್ರಿಗೆ ಕಟ್ಟಿದ್ದು." ಎಲೆಯಿಂದ ಕಣ್ಣೆತ್ತಿ ಕೇಳಿದ, "ನೋಡ್ದೋನು ಸ್ಕೂಟ್ರು ಯಾಕಿಳೀನಿಲ್ಲ ನಂಜುಂಡ?"

ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ಜಗಳವಾಗಿ ಮುಗಿಯುತ್ತಿತ್ತು.

ನನಗೆ ಅವನು ಎದುರಿಗೆ ಬಂದು ನಿಂತಾಗ ಬಡಿದ ದಿಗಿಲಿಗಿಂತ ದೊಡ್ಡ ದಿಗಿಲು ಬಡಿದದ್ದು ಆಗ. ಬೇಸಿಗೆಯಿಂದ ಈಚೆಗೆ ಈ ಜಗಲಿಯ ಮೇಲೆ ಎಷ್ಟು ಕಣ್ಣೀರು ಸುರಿದಿತ್ತು, ಎಷ್ಟು ಟೀ ಖರ್ಚಾಗಿತ್ತು, ಅಷ್ಟೂ ಬದುಕಿದ್ದವನಿಗೆ. ನಿಜವಾಗಿ ಸತ್ತವಳಿಗೆ ನಮ್ಮ ಬೀದಿಯಿಂದ ಒಂದು ಹಿಡಿ ಮಣ್ಣು ಬೀಳಲಿಲ್ಲ. ಅವನ ಅಂಗಿಯ ನಂಬರು ಇವರಿಗೆ ಗೊತ್ತು, ಯಾವ ಆಟದಲ್ಲಿ ಮಳೆ ಬಂದಿತ್ತು ಎಂಬುದೂ ಗೊತ್ತು. ಇಷ್ಟು ವರ್ಷ ಅವನಿಗೆ ಅನ್ನ ಬೇಯಿಸಿ ಹಾಕಿದವಳ ಹೆಸರು ಆ ಮನೆಯೊಳಗೆ ನಿಂತಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. "ಏನೋ ಅವಳ ಹೆಸರು?" ಎಂದು ಕೇಳಿದೆ. "ರತ್ನ," ಅಂದ. ತಂಡವೇನೋ ಆಟಗಾರನನ್ನು ಕಳೆದುಕೊಂಡಿತು ಎನ್ನುತ್ತಾರೆ. ಕಳೆದುಕೊಂಡವರು ಹುಡುಕಬೇಕಲ್ಲ. ನಮ್ಮವರಿಗೆ ಸಿದ್ದರಾಜು ಬೇಕಿರಲಿಲ್ಲ, ಅವನ ಮಾತು ಬೇಕಿತ್ತು. ಮಾತಿಗೆ ಮನುಷ್ಯ ಇಲ್ಲದಿದ್ದರೇ ಅನುಕೂಲ, ಅಡ್ಡ ಬಂದು ಅದು ಹಾಗಲ್ಲ ಎನ್ನುವುದಿಲ್ಲ.

ಅವನನ್ನು ಕೂರಿಸಿ ನೀರು ಕೊಟ್ಟೆ. ಆಗ ಬಂದ ಕೆಲಸ ಹೇಳಿದ.

"ನಾಳೆ ಅಮಾಸೆ. ಅವ್ಳಿಗೆ ಮೊದಲ್ನೇ ವರ್ಸದ ಎಡೆ. ನಮ್ಮವ್ವ ಇಲ್ಲ, ಅವ್ಳ ಕಡೇರೂ ಯಾರೂ ಇಲ್ಲ. ಎಂಗಿಡ್ಬೇಕು, ಏನೇನ್ ಮಾಡ್ಬೇಕು, ನಂಗೊಂದೂ ತಿಳೀದು ಕಣವ್ವ. ಯಾರ್ನ ಕೇಳನ ಅಂತ ಕೂತಿದ್ದೆ, ನೀನ್ ಗೆಪ್ತಿಗ್ ಬಂದೆ. ಮೊದಲ್ನೇ ವರ್ಸನೇ ಅವ್ಳು ಅಸ್ಕಂಡು ಓಗ್ಬಾರ್ದಲ್ವ?"

"ಅದಕ್ಯಾಕೆ ಯೋಚ್ನೆ, ಓಟ್ಲಿಂದ ತಂದ್ರಾಯ್ತು ಬುಡೋ," ಅಂದ ಬಸವಣ್ಣ, ಏನಾದರೊಂದು ಉಪಕಾರ ಮಾಡಬೇಕೆಂಬ ಆತುರದಲ್ಲಿ.

"ನಿನ್ನೆಡೆಗೂ ಓಟ್ಲಿಂದ್ಲೇ ತರುಸ್ತೀನಿ, ಸುಮ್ಕಿರು," ಅಂದೆ. ನಂಜುಂಡನ ಕಡೆ ತಿರುಗಿ, "ಬೆಳಿಗ್ಗೆ ಸ್ಕೂಟ್ರು ತಗಂಡು ಬಾ. ನಾಳೆಯಾದ್ರೂ ಆ ಮನೆ ಮುಂದೆ ಇಳಿ," ಅಂದೆ.

ಬೆಳಿಗ್ಗೆ ಸೊಸೆ ರಾಗ ತೆಗೆದಳು. "ಅಮಾಸೆ ದಿನ ಮನೆ ಬುಟ್ಟು ಓಯ್ತಿದ್ದೀರಲ್ಲ ಅತ್ತೆ, ಮಾವ ಬಂದು ಕೇಳಿದ್ರೆ?"

"ನಿಮ್ಮಾವುಂಗೆ ನೆನ್ನೇನೇ ಉಣ್ಣಿಸಿದ್ದೀನಿ. ಇವತ್ತು ನಿನ್ ಕೈ ರುಚಿ ನೋಡ್ಲಿ," ಎಂದು ಸ್ಕೂಟರು ಹತ್ತಿದೆ.

ಹಿನಕಲ್‌ನ ಆ ಮನೆ ಚೊಕ್ಕಟವಾಗಿತ್ತು. ಗಂಡಸು ಗುಡಿಸಿದ ಚೊಕ್ಕಟ, ನಡುವೆ ಗುಡಿಸಿ ಮೂಲೆ ಬಿಟ್ಟದ್ದು. ನಂಜುಂಡ ಇಳಿದವನು ಸ್ಕೂಟರಿಗೇ ಒರಗಿಕೊಂಡು ನಿಂತಿದ್ದ. ಒಳಗೆ ಕರೆದು ಬೆಳ್ಳುಳ್ಳಿ ಸುಲಿಯಲು ಕೂರಿಸಿದೆ. ಸಿದ್ದರಾಜು ಮಾಂಸ ತಂದಿದ್ದ, ತರಕಾರಿ ತಂದಿದ್ದ, ಬೆಲ್ಲ, ಹಿಟ್ಟು, ಕಂಡದ್ದೆಲ್ಲ ತಂದು ಗುಡ್ಡೆ ಹಾಕಿದ್ದ. ರತ್ನಳ ಫೋಟೊ ನೋಡಿದೆ. ಸಣ್ಣ ಮುಖ, ಫೋಟೊ ತೆಗೆಯುವವನು ಏನೋ ಹೇಳಿದ್ದಕ್ಕೆ ನಗು ತಡೆದುಕೊಂಡವಳ ಹಾಗೆ ಇದ್ದಾಳೆ.

"ಏನಿಷ್ಟ ಇವ್ಳಿಗೆ?" ಎಂದು ಕೇಳಿದೆ.

"ನಂಗೆ ಉಪ್ಸಾರು ಅಂದ್ರೆ ಇಷ್ಟ ಅಂತ ವಾರದಲ್ಲಿ ಮೂರ್ ದಿನ ಅದೇ ಮಾಡ್ತಿದ್ಲು."

"ನಿಂದಲ್ಲ ಕೇಳಿದ್ದು. ಅವ್ಳಿಗೇನಿಷ್ಟ? ಏನ್ ತಿಂತಿದ್ಲು?"

ಅವನು ಯೋಚಿಸಿದ. ಫೋಟೊ ನೋಡಿದ, ಒಲೆ ನೋಡಿದ, ನಂಜುಂಡನನ್ನು ನೋಡಿದ, ಅವನಿಗೆ ಗೊತ್ತಿರಬಹುದು ಎನ್ನುವ ಹಾಗೆ.

"ಎಲ್ರುದೂ ಆದ್ಮೇಲೆ ಉಳ್ದಿದ್ದು ತಿಂತಿದ್ಲು ಕಣವ್ವ," ಅಂದ.

ಹೇಳಿದ ಮೇಲೆ ಅವನಿಗೇ ತಾನು ಹೇಳಿದ್ದು ಕೇಳಿಸಿತು. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ನಾನು ಒಲೆ ಹೊತ್ತಿಸಿದೆ. ಸಾರಿಗೆ ಮಸಾಲೆ ಅರೆದೆ, ಮುದ್ದೆ ತೊಳಸಿದೆ, ಕಜ್ಜಾಯ ಕರಿದೆ. ಉಪ್ಪು ನೋಡಲು ಕೂಡ ಯಾರ ಅಂಗೈಗೂ ಒಂದು ತೊಟ್ಟು ಹಾಕಲಿಲ್ಲ. ಸಾರು ಕುದಿಯುವಾಗ ಮೇಲೆ ತೇಲಿದ ಜಿಡ್ಡಿನ ತಿಳಿಯನ್ನು ಮೊದಲ ಸೌಟಿನಲ್ಲೇ ತೆಗೆದು, ಮೆತ್ತಗಿನ ತುಂಡುಗಳನ್ನು ಆರಿಸಿ, ಹಬೆಯಾಡುವ ಮೊದಲ ಮುದ್ದೆಯನ್ನು ಅವಳ ಎಲೆಗೆ ಬಡಿಸಿದೆ. ದೀಪ ಹಚ್ಚಿ ಬಾಗಿಲು ಮುಂದೆ ಮಾಡಿ ಗಂಡಸರಿಬ್ಬರನ್ನೂ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ನಾನೂ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ನಂಜುಂಡ ಮೆಲ್ಲಗೆ, "ದೊಡ್ಡವ್ವ, ಬಾಗ್ಲು ತಗೀಬೌದಾ? ಒಟ್ಟೆ ಅಸೀತದೆ," ಅಂದ.

"ಕೂತ್ಕೊ," ಅಂದೆ. "ನಿದಾನ್ಕೆ ಉಣ್ಲಿ ಅವ್ಳು."