ಉಲ್ಟಾ ತಿರುಗಿದ ಬೀಸುಕಲ್ಲು

ಗರ್ರ್... ಗರ್ರ್... ತೊಂಬತ್ತರ ದಶಕದ ನಮ್ಮ ಶಿಕಾರಿಪುರದ ಮನೆ ಅಂದರೆ ನನ್ನ ಕಿವಿಗೆ ಮೊದಲು ಬರುವುದು ಬೀಸುಕಲ್ಲಿನ ಈ ಸದ್ದು. ಪೇಟೆಯಲ್ಲಿ ಗಿರಣಿಯಿದ್ದರೂ ಕಡುಬಿನ ತರಿಯನ್ನು ಮನೆಯಲ್ಲೇ ಒಡೆಯಬೇಕು. ಅದು ನಮ್ಮತ್ತೆಯ ರೂಲು.

ಆ ವರ್ಷ ನಮ್ಮಲ್ಲೊಬ್ಬಳು ಹುಡುಗಿಯಿದ್ದಳು. ಸೊರಬದ ಕಡೆ ಕುಪ್ಪಗಡ್ಡೆಯವಳು, ನಮ್ಮೆಜಮಾನರ ಸ್ನೇಹಿತರ ಮಗಳು. ಪಿಯುಸಿಯಲ್ಲಿ ಮ್ಯಾಥ್ಸ್ ಒಂದು ಹೋಗಿತ್ತು. "ಸಪ್ಲಿಮೆಂಟರೀಲಿ ಪಾಸಾದ್ರೆ ಶಿವಮೊಗ್ಗದಲ್ಲಿ ಬಿಎಸ್ಸಿ ಓದ್ಲಿ, ಇಲ್ಲಾಂದ್ರೆ ಮನೇಲಿರ್ಲಿ ಕಣ್ರೀ" ಎಂದು ಅವಳಪ್ಪ ನನಗೊಪ್ಪಿಸಿ ಹೋಗಿದ್ದರು. ಕಾನ್ವೆಂಟಿನಲ್ಲಿ ಓದಿದ ನನಗೆ ಎಲ್ಲಾ ಬರುತ್ತೆ ಅಂತ ಅವರ ನಂಬಿಕೆ, ಪಾಪ! ನನಗೆ ಬರುತ್ತಿದ್ದುದು ಬೈಹಾರ್ಟ್ ಮಾತ್ರ. ಟ್ರಿಗ್ನಾಮೆಟ್ರಿಗೆ ಬಂದಾಗಲೂ ಅದನ್ನೇ ಒಪ್ಪಿಸಿದೆ.

"ಕೋನ ಮೈನಸ್ ಆದ್ರೆ, ಕಾಸ್ ಆ ಮೈನಸ್ಸನ್ನ ನುಂಗುತ್ತೆ, ಸೈನ್ ಹೊರಗೆ ಉಗುಳುತ್ತೆ. ನುಂಗೋ ಕಾಸ್ ಈವನ್, ಉಗುಳೋ ಸೈನ್ ಆಡ್. ಫಿನಿಶ್!"

"ಯಾಕೆ ಆಂಟಿ?"

"ಯಾಕೆ ಅಂದ್ರೆ? ಸಿಸ್ಟರ್ ಹೇಳಿದ್ರು, ಅದಕ್ಕೆ."

"ಯಾಕೇಂತ ಗೊತ್ತಾಗ್ದೆ ನಂಗೆ ನೆನಪಿರಲ್ಲ. ಹೋದ್ಸಲ ಅದನ್ನೇ ಅದಲುಬದಲು ಬರೆದಿದ್ದು."

ಇಬ್ಬರೂ ಎದುರುಬದುರು ಕೂತು ತರಿ ಒಡೆಯುತ್ತಿದ್ದೆವು. ಕಲ್ಲು ತಿರುಗಿಸುವ ಗೂಟ ನೇರ ನನ್ನ ಮುಂದೆ ಬಂದಾಗ ಅವಳು ಗಕ್ಕನೆ ನಿಲ್ಲಿಸಿದಳು. "ಇದು ಝೀರೋ ಅಂತ ಇಟ್ಕೊಳ್ಳಿ." ಅಲ್ಲಿಂದ ಎಂದಿನಂತೆ ಬಾಗಿಲ ಕಡೆಗೆ ತುಸು ತಿರುಗಿಸಿದಳು. ವಾಪಸ್ ತಂದು, ಅಷ್ಟೇ ಉಲ್ಟಾ, ಗೋಡೆ ಕಡೆಗೆ. "ಇದು ಮೈನಸ್ ಕೋನ!"

ಓ ಮೈ ಗಾಡ್! ಕಲ್ಲಿನ ನಡುವಿನಿಂದ ನನ್ನ ಕಡೆಗೆ ಗೂಟ ಎಷ್ಟು ದೂರವಿದೆ ಎಂದು ಅಳೆದರೆ ಎರಡೂ ಸಲ ಒಂದೇ. ಅದು ಕಾಸ್, ಯಾವ ಕಡೆ ತಿರುಗಿದಿರಿ ಎಂಬ ಗೊಡವೆಯೇ ಅದಕ್ಕಿಲ್ಲ. ಅಡ್ಡಡ್ಡ ಅಳೆದರೆ ಸೈನ್. ಅಳತೆ ಅಷ್ಟೇ, ಆದರೆ ಬಾಗಿಲ ಕಡೆಯಿದ್ದದ್ದು ಗೋಡೆ ಕಡೆಗೆ ಪಕ್ಷಾಂತರ!

"ಮತ್ತೆ ಟ್ಯಾನ್?" ಅಂದೆ.

"ಸೈನನ್ನ ಕಾಸಿಂದ ಭಾಗಿಸೋದಲ್ವಾ? ಮೇಲಿರೋದಕ್ಕೆ ಮಾತ್ರ ಮೈನಸ್. ಆಡ್ ಆಂಟಿ, ಆಡ್!"

ಮದುವೆ ವಯಸ್ಸಿನ ಮಗನಿದ್ದ ನಾನು ಚಿಕ್ಕ ಹುಡುಗಿಯ ಹಾಗೆ ಕಿರುಚಿದೆ. ಆಚೆಗೊಮ್ಮೆ ಈಚೆಗೊಮ್ಮೆ ತಿರುವಿದ್ದೇ ತಿರುವಿದ್ದು. ಅಕ್ಕಿಯೆಲ್ಲಾ ಚೆಲ್ಲಾಪಿಲ್ಲಿ. ಅತ್ತೆ ಹಿತ್ತಲಿಂದ ಓಡಿಬಂದರು.

"ಅಯ್ಯಯ್ಯೋ, ಉಲ್ಟಾ ತಿರುವಬ್ಯಾಡ್ರೇ! ಮನೀಗೆ ಒಳ್ಳೇದಲ್ಲ!"

"ಮೈನಸ್ ಆಗಿದ್ಯಲ್ಲ ಅಜ್ಜಿ, ಈಗ ಪ್ಲಸ್ ಮಾಡ್ತೀನಿ ಬಿಡಿ."

"ಪ್ಲಸ್ಸೋ ಪಾಯಸವೋ! ಗುಡಿಸ್ರಿ ಮೊದ್ಲು!"

ಹುಡುಗಿ ಪಾಸಾದಳು. ಅವಳಪ್ಪ ಮಾತಿಗೆ ತಪ್ಪಲಿಲ್ಲ. ತಾವೇ ಟ್ರಂಕು ಹೊತ್ತು ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಬಂದರು. ಮುಂದೆ ನಮಗೂ ಟ್ರಾನ್ಸ್‌ಫರ್ ಆಗಿ, ನಾನವಳನ್ನು ನೋಡಿದ್ದು ಅದೇ ಕೊನೆ. ಶಿವಮೊಗ್ಗದ ಬಸ್ಸು ಹೊರಟಿತ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಆಂಟೀ, ಹಾಸ್ಟೆಲಲ್ಲಿ ದಿನಾ ಮೊಸರು ಕೊಡ್ತಾರಂತಾ?" ಅಂತ ಕೂಗಿದಳು. "ಗೊತ್ತಿಲ್ವೇ!" ಎನ್ನುತ್ತಾ ನಾನು ಸೀರೆ ಎತ್ತಿ ಹಿಡಿದು, ಎಲ್ಲರೂ ನೋಡುತ್ತಿರುವಂತೆಯೇ, ಬಸ್ಸಿನ ಪಕ್ಕ ಓಡಿದೆ.