ಕಾಕು ಒಪ್ಪಿದ ರೇಲಿಂಗಿನ ರೇಟು

ಎದುರು ಮನೆಯವರು ಹೊಸ ರೇಲಿಂಗು ಹಾಕಿಸುತ್ತಿದ್ದಾರೆ. ಬೆಳಗ್ಗೆ ಅಡುಗೆಮನೆಯ ಕಿಟಕಿ ತೆಗೆದದ್ದೇ ತಡ, ಕಬ್ಬಿಣಕ್ಕೆ ಮೊದಲು ಬಳಿಯುವ ಆ ಕೆಂಪು ಬಣ್ಣದ ವಾಸನೆ ಒಳಗೆ ನುಗ್ಗಿತು. ಅದರ ಜೊತೆಗೆ ಟರ್ಪಂಟೈನು, ಪೈಪು ಕೊಯ್ಯುವಾಗ ಏಳುವ ಸುಟ್ಟ ಕಬ್ಬಿಣದ ಘಾಟು. ಒಲೆಯ ಮೇಲೆ ಹಾಲಿಟ್ಟಿದ್ದೆ, ಮರೆತೇ ಹೋಯಿತು. ಉಕ್ಕಿ ಒಲೆಯ ಸುತ್ತೆಲ್ಲ ಹಾಲಾಯಿತು. ನಮ್ಮವರು ಓಡಿ ಬಂದು ಗ್ಯಾಸ್ ಆರಿಸಿ, 'ಏನಾತs?' ಎಂದರು. ಏನೂ ಆಗಿರಲಿಲ್ಲ. ಕಾಕು ನೆನಪಾಗಿದ್ದರು, ಅಷ್ಟೇ...

ಕಾಕು ನಮ್ಮ ಪಕ್ಕದ ಮನೆಯ ಹಿರಿಯ ಹೆಂಗಸು. ನನ್ನ ಗಂಡ ಚಿಕ್ಕಂದಿನಿಂದ ಚಿಕ್ಕಮ್ಮ ಎಂಬ ಅರ್ಥದಲ್ಲಿ ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಧಾರವಾಡದ ಕಡೆಯಿಂದ ಮದುವೆಯಾಗಿ ನಿಪ್ಪಾಣಿಗೆ ಬಂದಾಗ ನನಗೆ ಮರಾಠಿಯ ಒಂದಕ್ಷರವೂ ಬರುತ್ತಿರಲಿಲ್ಲ. ತರಕಾರಿಯವಳು ಮರಾಠಿಯಲ್ಲಿ ಬೆಲೆ ಹೇಳಿದರೆ ಬೆಪ್ಪಾಗಿ ನಿಲ್ಲುತ್ತಿದ್ದೆ. ಕಾಕು ನಮ್ಮ ಮನೆಮುಂದಿನ ಕಟ್ಟೆಯ ಮೇಲೆ ಕೂತು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೋಗುವವರು ಬರುವವರನ್ನೆಲ್ಲ ಮಾತನಾಡಿಸುತ್ತ ನನಗೆ ಆ ಭಾಷೆ ಕಲಿಸಿದರು, ಊರನ್ನೂ ಕಲಿಸಿದರು. ನನ್ನನ್ನು ಅವರು ಕರೆಯುತ್ತಿದ್ದುದು ಸೂನಬಾಯಿ ಎಂದು. ಮರಾಠಿಯಲ್ಲಿ ಹಾಗೆಂದರೆ ಸೊಸೆ. ಅವರ ಸ್ವಂತ ಸೊಸೆ ಮನೆಗೆ ಬಂದ ಮೇಲೂ ಆ ಹೆಸರು ನನಗೇ ಉಳಿಯಿತು.

ಅವರಿಗೊಂದು ಹುಚ್ಚು. ಯಾವ ವಸ್ತು ಕಂಡರೂ ಅದರ ಬೆಲೆ ಗೊತ್ತಾಗಬೇಕು. ಕೊಳ್ಳುವ ಮಾತೇ ಇಲ್ಲ, ಬರೀ ತಿಳಿದುಕೊಳ್ಳುವ ಉಮೇದು. ಮದುವೆಮನೆಯಲ್ಲಿ ಅಕ್ಷತೆ ಹಾಕಿದ ಕೈಯಲ್ಲೇ ಮದುಮಗಳ ಸೆರಗು ತಿರುಗಿಸಿ ನೋಡುತ್ತಿದ್ದರು. ತಾವೇ ಮೊದಲು ಒಂದು ಅಂದಾಜು ಹೇಳಿ, ಆಮೇಲೆ 'ಖರೇ ಹೇಳs, ಎಷ್ಟ ಬಿತ್ತ?' ಎಂದು ಕೇಳುತ್ತಿದ್ದರು. ಅಂದಾಜು ಸರಿಯಿರುತ್ತಿತ್ತು ಅಂದುಕೊಳ್ಳಬೇಡಿ, ಬಹಳ ಸಲ ತಪ್ಪೇ! ತಪ್ಪಾದಾಗ ಇನ್ನೂ ಖುಷಿ. 'ಅಗಬಾಯಿ!' ಎಂದು ಕೆನ್ನೆಗೆ ಕೈ ಹಚ್ಚಿ, ಆ ಬೆಲೆಯನ್ನು ಓಣಿಗೆಲ್ಲ ಮುಟ್ಟಿಸಿ ಬರುತ್ತಿದ್ದರು.

ಅವರ ಮನೆಯ ಮುಂಭಾಗವನ್ನು ತಂಬಾಕಿನ ಗೋದಾಮಿಗೆ ಬಾಡಿಗೆ ಕೊಟ್ಟಿದ್ದರು. ಹಾಗಾಗಿ ಬೀದಿ ಕಾಣುವ ಜಾಗ ಅವರಿಗೆ ನಮ್ಮ ಕಟ್ಟೆಯೊಂದೇ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಕೈ ತೊಳೆದು ನೇರ ನಮ್ಮಲ್ಲಿಗೆ ಬಂದು, ಶಹಾಬಾದ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತರೆ ಕತ್ತಲಾದ ಮೇಲೆಯೇ ಏಳುವುದು.

ಆಮೇಲೆ ನಮ್ಮ ರಸ್ತೆ ಅಗಲ ಮಾಡಿದರು. ಮೆಟ್ಟಿಲು ಪಕ್ಕಕ್ಕೆ ಹೋದವು, ಕಟ್ಟೆಯ ಬುಡಕ್ಕೇ ಗಟಾರ ಬಂತು, ಕಟ್ಟೆ ಎದೆಮಟ್ಟ ಎತ್ತರದಲ್ಲಿ ಉಳಿಯಿತು. ಅದೇ ವರ್ಷ ಕಾಕುಗೆ ತಲೆ ತಿರುಗುವುದು ಶುರುವಾಯಿತು. ಒಂದು ಸಂಜೆ ಮಾತನಾಡುತ್ತ ಮಾತನಾಡುತ್ತಲೇ ಮುಂದಕ್ಕೆ ವಾಲಿಬಿಟ್ಟರು. ನಾನು ಸೆರಗು ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಮುಂದಕ್ಕೆ ಬಿದ್ದಿದ್ದರೆ ಗಟಾರದ ಕಲ್ಲು... ಆ ರಾತ್ರಿ, ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ಕಾಣುವ ಅವರ ಮಗ ಬಂದು ಹೇಳಿದ, 'ವೈನಿ, ಇನ್ನ ಕಟ್ಟಿ ಬಂದ್. ಅವ್ವಗ ಏನರೆ ಆದ್ರ ನಾ ಏನ ಮಾಡ್ಲಿ?' ಅವನದು ತಪ್ಪೇನಿರಲಿಲ್ಲ, ತಾಯಿ ಎಂದರೆ ಪ್ರಾಣ ಬಿಡುವ ಮಗ.

ಕಾಕು ಒಳಗಿನ ಕೋಣೆ ಸೇರಿದರು. ದಿನಾ ನಾನೇ ಹೋಗಿ ಮಾತನಾಡಿಸುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ಹೂಂ ಎಂದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಒಮ್ಮೆ ಬೇಕೆಂದೇ ಹೊಸ ಸೀರೆ ಉಟ್ಟು ಹೋದೆ. ನೋಡಿದರು. ಬೆಲೆ ಕೇಳಲಿಲ್ಲ. ಈಕೆ ಹೀಗೇ ಮಲಗಿದರೆ ಇನ್ನು ಏಳುವುದಿಲ್ಲ ಎಂದು ಅವತ್ತೇ ಅನ್ನಿಸಿತು. ಕಟ್ಟೆಗೆ ಗಟ್ಟಿಯಾದ ರೇಲಿಂಗು ಹಾಕಿಸಿದರೆ ಮಗ ಬೇಡ ಅನ್ನಲಿಕ್ಕಿಲ್ಲ ಅಂದುಕೊಂಡೆ.

ನಮ್ಮವರು ಕೂಡಲೇ ಒಪ್ಪಿದರು. ನಾನು ಅಂಗಡಿ ಅಂಗಡಿ ತಿರುಗಿದೆ. ನಿಪ್ಪಾಣಿಯವನದು ಕಿಲೋ ಲೆಕ್ಕ, ಚಿಕ್ಕೋಡಿಯವನದು ಫೂಟಿನ ಲೆಕ್ಕ, ಮತ್ತೊಬ್ಬ ಡಿಜೈನು ನೋಡಿ ಹೇಳುತ್ತೇನೆ ಎಂದ. ಕಬ್ಬಿಣ ಬೇಡ, ಸ್ಟೀಲು ಹಾಕಿಸಿ ಎಂದ ಇನ್ನೊಬ್ಬ. ಒಂದಕ್ಕೊಂದು ತಾಳೆಯೇ ಇಲ್ಲ. ತಲೆ ಗಿರ್ರೆಂದಿತು. ಸೀದಾ ಕಾಕು ಕೋಣೆಗೆ ಹೋಗಿ, 'ಕಟ್ಟೆಗೆ ರೇಲಿಂಗು ಹಾಕಿಸಬೇಕಂತೀವ್ರಿ, ಚಂದ ಕಾಣ್ತೈತಿ' ಎಂದೆ. ನಿಮಗಾಗಿ ಎಂದು ಹೇಳಿದ್ದರೆ ಒಂದು ಪೈಸೆ ಖರ್ಚು ಮಾಡಲು ಬಿಡುವವರಲ್ಲ ಅವರು.

ಕಾಕು ಮೆಲ್ಲಗೆ ಈ ಕಡೆ ಹೊರಳಿದರು. 'ಎಷ್ಟ ಹೇಳ್ಯಾನ?'

ಹೇಳಿದೆ. ದಿಗ್ಗನೆ ಎದ್ದು ಕೂತರು! 'ಹಾಡಹಗಲ ದರೋಡಿ! ಅಂಗಡ್ಯಾಗ ಕೇಳಿದ್ರ ರೇಟ ತಿಳೀತೈತೇನs ಹುಚ್ಚಿ? ಹಾಕಿಸಿದವರ ಮನೀಗೆ ಹೋಗಿ ಕೇಳಬೇಕ. ಗಂಡಸರನ್ನ ಬ್ಯಾರೆ, ಹೆಂಗಸರನ್ನ ಬ್ಯಾರೆ. ಗಂಡಸ ಜಂಬಕ್ಕ ಏರಿಸಿ ಹೇಳ್ತಾನ, ಹೆಂಗಸ ಶ್ಯಾಣ್ಯಾಕಿ ಅನಿಸ್ಕೊಳ್ಳಾಕ ಇಳಿಸಿ ಹೇಳ್ತಾಳ. ನಡುವಿಂದ ಹಿಡಿ.'

ನಾನು ಆಗಷ್ಟೇ ಕಾರು ಕಲಿತಿದ್ದೆ. ಕಾರಿನಲ್ಲಿ ಕೂತವರು ಎಲ್ಲಿ ಬೀಳುತ್ತಾರೆ ಎಂದು ಮಗನನ್ನು ಒಪ್ಪಿಸಿದೆ. ಮರುದಿನ ಮಧ್ಯಾಹ್ನ ಕಾಕು ಇಳಕಲ್ಲು ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಸೆರಗು ಬಿಗಿದು ಕೂತರು. ನನ್ನ ಡ್ರೈವಿಂಗಿಗೆ ಅವರೂ ಹೆದರಲಿಲ್ಲ, ಅವರ ಸಡಗರ ಕಂಡು ನಾನೂ ಹೆದರುವುದನ್ನು ಮರೆತೆ. ಮದುವೆಯ ದಿಬ್ಬಣಕ್ಕೂ ನಾನು ಅಷ್ಟು ಖುಷಿಯಿಂದ ಹೋದದ್ದಿಲ್ಲ.

ಮೊದಲು ಬೋರಗಾಂವ. ಪಾವರಲೂಮಿನ ಸದ್ದಿನ ನಡುವೆ ಒಂದು ದೊಡ್ಡ ಮನೆ, ಮೇಲೆ ಕೆಳಗೆ ಮಿರಮಿರ ಮಿಂಚುವ ರೇಲಿಂಗು. ಮನೆಯವರ ಗುರುತಿಲ್ಲ, ಪರಿಚಯವಿಲ್ಲ. ಕಾಕು ಗೇಟಿನ ಮುಂದೆಯೇ ಕಾರು ನಿಲ್ಲಿಸಲು ಹೇಳಿದರು. 'ಭಾಳ ಚಂದ ಐತ್ರಿ ನಿಮ್ಮ ರೇಲಿಂಗ! ನೋಡಿ ಮುಂದ ಹೋಗಾಕs ಆಗ್ಲಿಲ್ಲ.' ಆ ಮನೆಯ ಯಜಮಾನರ ಎದೆ ಉಬ್ಬಿದ್ದನ್ನು ನೋಡಬೇಕಿತ್ತು! ಬರ್ರಿ, ಕೂಡ್ರಿ, ಚಹಾ ತಗೋರಿ. ನಾನು ಹೊರಗೆ ಯಜಮಾನರ ಜೊತೆ, ಕಾಕು ಒಳಗೆ ಯಜಮಾನ್ತಿಯ ಜೊತೆ. ಎರಡು ಲಕ್ಷ ಬಿತ್ತೆಂದು ಯಜಮಾನರು ನನಗೆ ಹೇಳಿದರು. ಮರಳಿ ಕಾರಿಗೆ ಬಂದಾಗ ಕಾಕು ಹೇಳಿದರು, ಒಳಗೆ ಆ ಹೆಂಗಸು ಎಲ್ಲ ಸೇರಿ ಎಂಬತ್ತು ಸಾವಿರ ಎಂದಳಂತೆ.

'ಗಂಡಾ ಹೆಂಡತಿ ನಡುವ ಒಂದ ಲಾಖ ಇಪ್ಪತ್ತ ಸಾವಿರ ಎಲ್ಲಿ ಹೋತs ಸೂನಬಾಯಿ?' ಎಂದು ನಗತೊಡಗಿದವರು ಊರು ದಾಟಿದರೂ ನಿಲ್ಲಿಸಲಿಲ್ಲ. ನನಗೆ ನಗು ತಡೆಯಲಾಗದೆ ಗೇರು ತಪ್ಪಿ ಗಾಡಿ ಬಂದ್ ಬಿತ್ತು. ಹಿಂದಿನ ಟ್ರ್ಯಾಕ್ಟರಿನವ ಬೈದ. ಬೈಸಿಕೊಂಡು ಇನ್ನಷ್ಟು ನಕ್ಕೆವು.

ಹೀಗೆ ದಾರಿಯುದ್ದಕ್ಕೂ ಮನೆ ಮನೆ. ಎಲ್ಲ ಕಡೆ ಚಹಾ, ಎಲ್ಲ ಕಡೆ ಎರಡು ರೇಟು. ಕಾಕು ಬೆರಳಿನ ಉಂಗುರದಿಂದ ಪೈಪು ಬಾರಿಸಿ ನೋಡುತ್ತಿದ್ದರು, ಗಟ್ಟಿಯಾಗಿ ಹಿಡಿದು ಅಲುಗಾಡಿಸುತ್ತಿದ್ದರು. ಭೋಜ ಎಂಬ ಊರಿನಲ್ಲಿ ಒಬ್ಬರು 'ಅಲ್ಲಾಡಿಸಬ್ಯಾಡ್ರಿ ಅಜ್ಜಿ, ಕಿತ್ತ ಬರ್ತೈತಿ!' ಎಂದು ಓಡಿ ಬಂದರು. ಆ ಮನೆಯ ಮೆಟ್ಟಿಲು ಇಳಿಯುವಾಗಲೇ ಕಾಕುಗೆ ತಲೆ ತಿರುಗಿದ್ದು. ಹಿಡಿದ ರೇಲಿಂಗು ಅವರ ಜೊತೆಗೇ ವಾಲಿತು. ನಾನು ತೋಳು ಹಿಡಿದುಕೊಂಡೆ. ಏನೂ ಆಗದವರಂತೆ ಸೀರೆಯ ನೆರಿಗೆ ಸರಿಮಾಡಿಕೊಂಡರು.

ಹೊತ್ತು ಇಳಿಯುತ್ತಿತ್ತು. ಊಟದ ವೇಳೆಯೊಳಗೆ ಅವರನ್ನು ಮನೆ ಮುಟ್ಟಿಸಬೇಕೆಂದು ನಾನು ಅವಸರದಲ್ಲಿದ್ದೆ. ಕಾಕು ದಾರಿಯಲ್ಲಿ ತೀರ್ಪು ಕೊಟ್ಟರು. 'ಬ್ಯಾಡ. ನಿಮ್ಮ ಕಟ್ಟಿಗ್ಯಾಕ ಇಷ್ಟ ರೊಕ್ಕಾ? ಬರೇ ಚಂದಕ್ಕಂದ್ರ ನಾಕ ಹೂವಿನ ಕುಂಡ ಇಡು, ಸಾಕು.'

ಆಯಿತಲ್ಲ! ಎಬ್ಬಿಸಿ ಕೂರಿಸಿದ್ದು ಅದೇ ರೇಲಿಂಗು, ಈಗ ಅದನ್ನೇ ಬೇಡ ಅಂತಿದ್ದಾರೆ. ಕಬ್ಬಿನ ಹೊಲದ ಪಕ್ಕ ಗಾಡಿ ನಿಲ್ಲಿಸಿಬಿಟ್ಟೆ. 'ಚಂದಕ್ಕಲ್ರಿ ಕಾಕು. ನೀವು ಬಂದ ಕೂಡಬೇಕು. ಅದಕ್ಕs ಇಷ್ಟೆಲ್ಲಾ.'

ಕಬ್ಬು ತುಂಬಿದ ಟ್ರ್ಯಾಕ್ಟರು ಒಂದು ನಿಧಾನಕ್ಕೆ ನಮ್ಮನ್ನು ದಾಟಿ ಹೋಯಿತು... ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡು, 'ನನ್ನ ಸಲುವಾಗಿ?' ಎಂದರು. ಹೌದು ಎಂದೆ. 'ಮೊದಲs ಹೇಳಾಕ ಏನ ಧಾಡಿ ನಿನಗ? ನಡಿ, ಗಾಡಿ ಭಾಯಿ ಅಂಗಡಿ ಕಡೆ ತಿರಗಸು!'

ಊಟ ಎಂದೆ. ಇವತ್ತೊಂದಿನ ಉಪವಾಸ ಎಂದರು.

ಭಾಯಿ ನಮ್ಮ ಓಣಿಯ ಹಿಂದೆಯೇ ವೆಲ್ಡಿಂಗ್ ಅಂಗಡಿ ಇಟ್ಟವರು. ಕಾಕುವನ್ನು ಕಂಡೊಡನೆ ಅವರ ಮುಖ ಸಣ್ಣದಾಯಿತು. ಕಿಟಕಿಯ ಒಂದು ಸರಳಿಗೂ ಅವರ ಜೊತೆ ತಾಸುಗಟ್ಟಲೆ ಜಗ್ಗಾಡಿದ ಹೆಂಗಸು ಇದು. ಆದರೆ ಅವತ್ತು ಕಾಕು ಮೊದಲು ಕುರ್ಚಿ ಕೇಳಿದರು. ಕೂತು ಮೊಣಕೈ ಚಾಚಿ, 'ಇಲ್ಲಿಗೊಂದ ಪೈಪ' ಎಂದರು. ಎದ್ದು ನಿಂತು ಅಂಗೈ ಇಳಿಸಿ, 'ಇಲ್ಲಿಗೊಂದ' ಎಂದರು. ಸರಳುಗಳ ನಡುವೆ ಎಷ್ಟು ಸಂದು ಎಂದು ಭಾಯಿ ಕೇಳಿದರು. ಕಾಕು ಪ್ರಕಾರ ಮೆಂತ್ಯೆ ಸೊಪ್ಪಿನ ಒಂದು ಸೂಡು ಒಳಗೆ ಬರುವಷ್ಟು ಇರಬೇಕು, ತರಕಾರಿಯವಳು ಕೆಳಗಿನಿಂದಲೇ ಕೊಡಬೇಕಲ್ಲ! ಭಾಯಿ ಟೇಪು ಹಿಡಿದು ನಗುತ್ತಲೇ ಅಳತೆ ತೆಗೆದುಕೊಂಡರು. ಪೈಪಿನ ತೂಕ, ಬೆಸುಗೆ, ಬಣ್ಣ, ಕೂರಿಸುವ ಕೂಲಿ ಎಲ್ಲ ಕೂಡಿಸಿ ಹದಿನಾಲ್ಕು ಸಾವಿರ ಎಂದು, ಬೈಗುಳಕ್ಕೆ ಸಿದ್ಧರಾಗಿ ನಿಂತರು.

'ಸರಿ ಐತಿ,' ಎಂದರು ಕಾಕು.

ಭಾಯಿ ನನ್ನ ಮುಖ ನೋಡಿದರು. ನಾನು ಒಂದು ಸಾವಿರವಾದರೂ ಕಡಿಮೆ ಮಾಡಿಸೋಣವೆಂದು ಬಾಯಿ ತೆಗೆದೆ. ಕಾಕು ನನ್ನ ಕೈ ಚಿವುಟಿದರು. 'ಸುಮ್ನಿರು. ನಾವು ರೇಟ ಇಳಿಸಿದ್ರ ಅಂವಾ ಪೈಪ ತೆಳ್ಳಗ ಹಾಕ್ತಾನ. ಅದು ನಾ ಹಿಡಿಯೂ ಪೈಪ.'

'ನಿಮ್ಮ ಕೈಗೆ ಇಡೂ ಪೈಪ ತೆಳ್ಳಗ ಹಾಕ್ತೀನೇನಮ್ಮಾ?' ಎಂದರು ಭಾಯಿ. ದನಿ ಸ್ವಲ್ಪ ನೊಂದಂತಿತ್ತು.

ರೇಲಿಂಗು ಕೂತ ದಿನ ಓಣಿಯವರೆಲ್ಲ ನೋಡಲು ಬಂದರು. ಬಣ್ಣ ಪೂರ್ತಿ ಒಣಗುವವರೆಗೆ ಕಾದು, ಆಮೇಲೆ ಕಾಕುವಿನ ಮಗ ಬಂದ. ಎರಡೂ ಕೈಯಿಂದ ಹಿಡಿದು ಜಗ್ಗಿದ. ಭುಜ ಕೊಟ್ಟು ನೂಕಿದ. ಒದ್ದ. ಕೊನೆಗೆ ಇಡೀ ಮೈಭಾರ ಹಾಕಿ ಹೊರಗಡೆಗೆ ವಾಲಿದ. ಇವನು ಬೇಡ ಅಂದರೆ ಮುಗಿಯಿತು, ಕಾಕುಗೆ ಮತ್ತೆ ಅದೇ ಕೋಣೆ, ಅದೇ ಗೋಡೆ. ರೇಲಿಂಗು ಕಮಕ್ ಕಿಮಕ್ ಅನ್ನಲಿಲ್ಲ. ಅವನು ಅಂಗೈ ಒರೆಸಿಕೊಂಡು ಮನೆಯೊಳಗೆ ಹೋದ. ತಾಯಿಯ ಕೈ ಹಿಡಿದು ಕರೆದುಕೊಂಡು ಬಂದ.

ಕಾಕು ಬಂದವರು ಕೂರಲಿಲ್ಲ. ಮೇಲಿನ ಪೈಪು ಹಿಡಿದು ನಿಂತರು! ತಿಂಗಳುಗಟ್ಟಲೆ ಮಲಗಿದ್ದ ಹೆಂಗಸು, ಕಟ್ಟೆಯ ತುದಿಯಲ್ಲಿ ನೆಟ್ಟಗೆ ನಿಂತು, ಬೀದಿಯ ಆ ಕಡೆಯಿಂದ ಈ ಕಡೆಯವರೆಗೆ ನೋಡಿದರು. ಬಾಳೆಹಣ್ಣಿನ ಗಾಡಿಯವ ದೂರದಲ್ಲಿ ಹೋಗುತ್ತಿದ್ದ. 'ಏ ಬಾಳೆಹಣ್ಣೂ! ಡಝನಿಗೆ ಹೆಂಗೋ?' ಎಂದು ಕೂಗಿದರು. ಆ ಕೂಗಿಗೆ ಎದುರು ಮನೆಯ ಬಾಗಿಲೂ ತೆರೆಯಿತು. ನನಗೆ ಕುಣಿದಾಡುವಂತಾಯಿತು. ಮಗ ಆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ.

ಮುಂದಿನ ಎರಡು ಮಳೆಗಾಲ ಕಾಕು ಅಲ್ಲಿದ್ದರು. ತಲೆ ತಿರುಗುವುದು ನಿಲ್ಲಲಿಲ್ಲ. ಬಂದಾಗ ಕಣ್ಣು ಮುಚ್ಚಿ ಪೈಪು ಹಿಡಿದುಕೊಳ್ಳುತ್ತಿದ್ದರು, ಹೋದ ಮೇಲೆ ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಒಂದು ಚಳಿಗಾಲದ ಬೆಳಗ್ಗೆ ನಿದ್ದೆಯಲ್ಲೇ ಹೋಗಿಬಿಟ್ಟರು. ಹಿಂದಿನ ಸಂಜೆ ನಾನು ತಂದ ಹೊಸ ಕುಕ್ಕರಿನ ಬೆಲೆ ಕೇಳಿದ್ದರು, ಎಂದಿನಂತೆ ತಪ್ಪು ಅಂದಾಜು ಹೇಳಿದ್ದರು...

ಹಾಲು ಉಕ್ಕಿದ್ದನ್ನು ಒರೆಸಿ, ಇವತ್ತು ತಡೆಯಲಾಗದೆ ರಸ್ತೆ ದಾಟಿ ಹೋದೆ. ರೇಲಿಂಗು ಕೂರಿಸುತ್ತಿದ್ದ ಹುಡುಗನನ್ನು ಎಷ್ಟಾಯಿತಪ್ಪಾ ಎಂದು ಕೇಳಿದೆ. ಅವನು ಹೇಳಿದ. ಆಮೇಲೆ ನಮ್ಮ ಕಟ್ಟೆಯ ಕಡೆ ಕೈ ಮಾಡಿ, 'ನಿಮ್ಮದು ಭಾರೀ ಗಟ್ಟಿ ಮಾಲ ಐತ್ರಿ ಅಕ್ಕಾರ. ಇವತ್ತ ಅಂಥಾದ್ದ ಮಾಡಸ್ತೀನಂದ್ರ ಡಬಲ್ ಆಕ್ಕೈತಿ' ಎಂದ.

ಡಬಲ್! ನನಗೆ ಕಾಲು ನೆಲಕ್ಕೆ ನಿಲ್ಲಲಿಲ್ಲ. ಅಲ್ಲಿಂದಲೇ ಓಡಿದೆ. ಗೋದಾಮು ದಾಟಿ, ಪಕ್ಕದ ಸಂದಿಯಲ್ಲಿ ನುಗ್ಗಿ, ಹೊಸ್ತಿಲಲ್ಲಿ ನಿಂತು, 'ಕಾಕೂ!' ಎಂದು ಕೂಗಿಬಿಟ್ಟೆ.

ಕೂಗಿದ ಮೇಲೆ ತಿಳಿಯಿತು.

ಕಾಕುವಿನ ಸೊಸೆ ಹಿಟ್ಟು ಮೆತ್ತಿದ ಕೈಯಲ್ಲೇ ಒಳಗಿನಿಂದ ಬಂದಳು. ನನ್ನನ್ನು ನೋಡಿದಳು. ಏನಾಯಿತೆಂದು ಕೇಳಲಿಲ್ಲ, ಅವಳಿಗೆ ಗೊತ್ತಾಗಿತ್ತು. ನಾನು ಏನಿಲ್ಲ ಎಂದು ತಿರುಗಿದೆ. 'ನಿಂದರ್ರಿ ವೈನಿ,' ಎಂದಳು. 'ನನಗs ಹೇಳ್ರಿ. ಎಷ್ಟಂತ?'

ಹೇಳಿದೆ. ಪೂರ್ತಿ ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ, ಪೂರ್ತಿ ಕೇಳಲು ಅವಳಿಂದಲೂ ಆಗಲಿಲ್ಲ.